ಒಂಬತ್ತರಿಂದ ನಾಲ್ಕೂವರೆ

ಮೊಮ್ಮಗಳನ್ನು ಹೊಯ್ಕುಎನ್, ಅಂದರೆ ಇಲ್ಲಿಯ ಶಿಶುವಿಹಾರದ, ಬಾಗಿಲಿಗೆ ಬಿಟ್ಟು ಕೈಬೀಸುವಾಗ ಗಂಟೆ ಒಂಬತ್ತು. ವಾಪಸ್ ಕರೆದುಕೊಂಡು ಬರಬೇಕಾದ್ದು ನಾಲ್ಕೂವರೆಗೆ. ನಡುವಿನ ಏಳೂವರೆ ತಾಸು ನಮ್ಮಿಬ್ಬರದು. ನನಗೆ 66, ಇವರಿಗೆ 72. ಮದುವೆಯಾಗಿ 43 ವರ್ಷ. ನಾವಿಬ್ಬರೇ ಅಂತ ಇಷ್ಟು ಹೊತ್ತು ಸಿಕ್ಕಿದ್ದು ಟೋಕಿಯೊದ ಈ ನಿಶಿಕಸಾಯ್‌ಗೆ ಬಂದ ಮೇಲೇ.

ಇವರು ನೀರಾವರಿ ಇಲಾಖೆಯಲ್ಲಿದ್ದರು. ಕಾಲುವೆ ಎಲ್ಲಿ ತೋಡುತ್ತಾರೋ ಅಲ್ಲಿ ಇವರ ಕ್ಯಾಂಪು. ನಾನು ಸಾಗರದ ಹತ್ತಿರದ ಹಳ್ಳಿಯಲ್ಲಿ ಅತ್ತೆ ಮಾವ, ಮಗ, ಕೊಟ್ಟಿಗೆ, ತೋಟ ನೋಡಿಕೊಂಡು ಇದ್ದೆ. ಒಟ್ಟಿಗೆ ಹೊರಟಿದ್ದೆಲ್ಲ ಮದುವೆಮನೆಗೆ, ಉಪನಯನಕ್ಕೆ, ತಿಥಿಗೆ, ಆಸ್ಪತ್ರೆಗೆ. ಹಿಂದೆ ಮುಂದೆ ಜನ, ಕೈಯಲ್ಲಿ ಕೊಡಬೇಕಾದ್ದೋ ತರಬೇಕಾದ್ದೋ ಒಂದು ಚೀಲ. ಸುಮ್ಮನೆ ಹೋಗಿ ಸುಮ್ಮನೆ ಬರುವುದು ಅಂತ ಒಂದಿದೆ ಎಂದು ನನಗೆ ಗೊತ್ತಾದದ್ದೇ ಇಲ್ಲಿ.

ನಾವು ಇಲ್ಲಿ ಹೇಗಿದ್ದೇವೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಊರಿಂದ ಫೋನ್ ಮಾಡಿದವರೆಲ್ಲ ಕೇಳುವುದು ಅದನ್ನೇ. ಜಪಾನಿನಲ್ಲಿ ಕೆಲಸಕ್ಕಿರುವ ಹೊರದೇಶದವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು, ಅಪ್ಪ ಅಮ್ಮನನ್ನು ಕರೆಸಿ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಆಗುವುದಿಲ್ಲ. ನೋಡಿ ಹೋಗಲು ಬಂದರೆ ಹೆಚ್ಚೆಂದರೆ 90 ದಿನ. ಆದರೆ ಉನ್ನತ ಪರಿಣತಿಯವರಿಗೆ ಅಂತ ಒಂದು ಬಗೆಯ ವೀಸಾ ಇದೆ. ಓದು, ಅನುಭವ, ಸಂಬಳ, ವಯಸ್ಸು ಎಲ್ಲಕ್ಕೂ ಅಂಕ ಹಾಕುತ್ತಾರೆ, 70 ಬಂದರೆ ಆ ವೀಸಾ. ಅದಿದ್ದು, ಮನೆಯ ವಾರ್ಷಿಕ ವರಮಾನ 80 ಲಕ್ಷ ಯೆನ್‌ಗೆ ಕಡಿಮೆಯಿಲ್ಲದೆ, ಮನೆಯಲ್ಲಿ ಏಳು ವರ್ಷ ತುಂಬದ ಮಗು ಇದ್ದರೆ, ಆ ಮಗುವನ್ನು ನೋಡಿಕೊಳ್ಳಲಿಕ್ಕೆ ಅಜ್ಜ ಅಜ್ಜಿ ಬಂದು ಅವರ ಜೊತೆಗೇ ವಾಸ ಮಾಡಬಹುದು. ಗಂಡನ ಕಡೆಯವರು ಅಥವಾ ಹೆಂಡತಿಯ ಕಡೆಯವರು, ಯಾರಾದರೂ ಒಂದು ಕಡೆಯವರು ಮಾತ್ರ.

ಈ ಕೊನೆಯ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಸೊಸೆಯ ತಾಯಿ ಪುತ್ತೂರಿನಲ್ಲಿದ್ದಾರೆ. ಅವರೂ ಅಜ್ಜಿಯೇ. ನಾವು ಬಂದದ್ದರಿಂದ ಅವರ ಜಾಗ ಹೋಯಿತು. ಕಳೆದ ಬೇಸಿಗೆಯಲ್ಲಿ ಅವರು 90 ದಿನಕ್ಕೆ ಬಂದಾಗ ಒಗ್ಗರಣೆ ಸೌಟು, ಮಗುವಿನ ತಲೆಗೆ ಎಣ್ಣೆ ಹಚ್ಚುವ ಕೆಲಸ, ರಾತ್ರಿ ಕತೆ ಹೇಳಿ ಮಲಗಿಸುವುದು ಎಲ್ಲ ಅವರಿಗೆ ಬಿಟ್ಟುಕೊಟ್ಟೆ. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದುಕೊಂಡು, "ನೀವಿದ್ದೀರಿ ಅಂತ ಧೈರ್ಯ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಮಗುವಿಗೆ ಏಳು ತುಂಬುವ ದಿನಕ್ಕೆ ನಮ್ಮ ವಾಸ್ತವ್ಯಕ್ಕೂ ಕೊನೆ. ಬರುವ ವರ್ಷ ಅಕ್ಟೋಬರ್. ಈಗ ಜೂನ್, ಅವಳಿಗೆ ಐದೂವರೆ ದಾಟಿದೆ. ಬಂದಾಗ ಎರಡೂವರೆಯ ಕೂಸು.

ನಮ್ಮ ದಿನ ಶುರುವಾಗುವುದು ಬೆಳಿಗ್ಗೆ ಆರೂವರೆಗೆ, ಗ್ಯೊಸೆನ್ ಪಾರ್ಕಿನಲ್ಲಿ. 1928ರಿಂದ ಈ ದೇಶದಲ್ಲಿ ರೇಡಿಯೊದಲ್ಲಿ ವ್ಯಾಯಾಮ ಬರುತ್ತಿದೆ, ರಾದಿಯೊ ತಾಯ್ಸೊ ಅನ್ನುತ್ತಾರೆ. ಯಾರೋ ಒಬ್ಬರು ಸಣ್ಣ ರೇಡಿಯೊ ತಂದು ಬೆಂಚಿನ ಮೇಲಿಡುತ್ತಾರೆ. ಪಿಯಾನೊ ಸದ್ದು ಬಂದ ಕೂಡಲೇ ಮೂವತ್ತು ನಲವತ್ತು ಜನ, ಬಹುಪಾಲು ನಮ್ಮ ವಯಸ್ಸಿನವರು ಅಥವಾ ನಮಗಿಂತ ಹಿರಿಯರು, ಒಟ್ಟಿಗೆ ಕೈ ಮೇಲೆತ್ತುತ್ತಾರೆ. ಮೊದಲ ಸರಣಿಯಲ್ಲಿ 13 ಚಲನೆ. ಡಿಸೆಂಬರಿನಲ್ಲಿ ಆರೂವರೆಗೆ ಇನ್ನೂ ಮಬ್ಬುಗತ್ತಲೆ, ಬಾಯಿಂದ ಹಬೆ ಬರುತ್ತಿರುತ್ತದೆ. ಈಗ ಜೂನಿನಲ್ಲಿ ನಾಲ್ಕೂವರೆಗೇ ಸೂರ್ಯ ಹುಟ್ಟುವುದರಿಂದ ಆರೂವರೆ ಅಂದರೆ ಬಿಸಿಲು ಏರಿದ ಹೊತ್ತು.

ಮೊದಲ ದಿನ ನಾವು ದೂರ ನಿಂತು ನೋಡಿದೆವು. ಎರಡನೇ ದಿನ ಎಂಬತ್ತು ದಾಟಿದ ಒಬ್ಬರು, ಈಗ ನನ್ನ ಗೆಳತಿ, ಬಂದು ನನ್ನ ತೋಳು ಹಿಡಿದು ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಮಾತಿಲ್ಲ, ಬರಿ ನಗು. ಮೂರನೇ ವಾರಕ್ಕೆ ನಾನು ಹೋಗದಿದ್ದ ದಿನ ಕೈಸನ್ನೆಯಲ್ಲಿ ಇವರನ್ನು ವಿಚಾರಿಸಿದರಂತೆ. ಊರಿನಲ್ಲಿ ಬೆಳಿಗ್ಗೆ ನೀರು ಸೇದಲು ಬಾವಿಕಟ್ಟೆಗೆ ಬರುತ್ತಿದ್ದವರಲ್ಲಿ ಒಬ್ಬರು ಕಾಣದಿದ್ದರೆ ಹೀಗೇ ವಿಚಾರಿಸುತ್ತಿದ್ದೆವು.

ಕಸದ ವಿಷಯ ಎಲ್ಲರೂ ಬರೆದಿದ್ದಾರೆ. ಸುಡುವುದು, ಸುಡದಿರುವುದು, ಬಾಟಲಿ, ರದ್ದಿ, ಎಲ್ಲಕ್ಕೂ ಬೇರೆ ಬೇರೆ ದಿನ. ಅದು ಒಂದು ತಿಂಗಳಿಗೆ ರೂಢಿಯಾಗುತ್ತದೆ. ನನಗೆ ರೂಢಿಯಾಗದ್ದು ಕಾಗೆಗೆ ಹಾಕುವ ಬಲೆ. ಇಲ್ಲಿಯ ಕಾಗೆಗಳು ನಮ್ಮವಕ್ಕಿಂತ ದೊಡ್ಡವು, ಕೊಕ್ಕು ದಪ್ಪ. ಕಸದ ಚೀಲ ಸೀಳುತ್ತವೆ ಅಂತ ಮೇಲೆ ಬಲೆ ಮುಚ್ಚಿ ಅಂಚಿಗೆ ಭಾರ ಇಡಬೇಕು. ಮಹಾಲಯ ಅಮಾವಾಸ್ಯೆಯ ದಿನವೂ ನಾನು ಬೆಳಿಗ್ಗೆ ಕಾಗೆಗೆ ಅಡ್ಡವಾಗಿ ಬಲೆ ಮುಚ್ಚಿ ಬಂದೆ. ಮಧ್ಯಾಹ್ನ ಬಾಲ್ಕನಿಯಲ್ಲಿ ಅದೇ ಕಾಗೆಗೆ ತಟ್ಟೆಯಲ್ಲಿ ಎಡೆಯಿಟ್ಟು ನಿಂತೆ. ಎದುರಿನ ತಂತಿಯ ಮೇಲಿದ್ದದ್ದು ಕತ್ತು ಓರೆ ಮಾಡಿ ನೋಡಿತು, ಬರಲಿಲ್ಲ. ಕಾಲು ಗಂಟೆ ಕಾದು ತಟ್ಟೆ ಒಳಗೆ ತಂದೆ. "ಅದಕ್ಕೆ ಕರೆದು ಉಣ್ಣಿಸೋರು ಯಾರೂ ಇಲ್ಲ ಕಣೇ, ಅಭ್ಯಾಸ ಇಲ್ಲ" ಅಂದರು ಇವರು. ಆವತ್ತು ಅತ್ತೆಯ ನೆನಪಾಗಿ ನನಗೆ ಊಟ ಸೇರಲಿಲ್ಲ.

ಅಡುಗೆಮನೆ ಬೇಗ ಹೊಂದಿಕೊಂಡಿತು. ನಿಶಿಕಸಾಯ್‌ನಲ್ಲಿ ನಮ್ಮ ದೇಶದವರ ಅಂಗಡಿಗಳಿವೆ, ತೊಗರಿಬೇಳೆ, ಹುಣಸೆಹಣ್ಣು, ಕರಿಬೇವು ಸಿಗುತ್ತದೆ. 2000ದ ಹೊತ್ತಿಗೆ ಕಂಪ್ಯೂಟರ್ ಕೆಲಸಕ್ಕೆ ಬಂದವರು ಇಲ್ಲಿ ಮನೆ ಮಾಡಿದ್ದರಿಂದ ಬೆಳೆದ ವಸತಿ ಇದು. ನನಗೆ ಹೆಚ್ಚು ಖುಷಿ ಕೊಟ್ಟದ್ದು ಕೊಮಾತ್ಸುನ ಅನ್ನುವ ಸೊಪ್ಪು. ನಾವಿರುವ ಎದೊಗಾವಾ ವಾರ್ಡೇ ಅದರ ತವರು. ಇಲ್ಲಿಯ ಕೊಮಾತ್ಸುಗಾವಾ ಎಂಬ ಜಾಗದಲ್ಲಿ ಬೆಳೆಯುತ್ತಿದ್ದ ಸೊಪ್ಪಿಗೆ, ಬೇಟೆಗೆ ಬಂದು ಊಟ ಮಾಡಿದ, ಆಗ ದೇಶ ಆಳುತ್ತಿದ್ದ ಶೋಗನ್ ಯೊಶಿಮುನೆ ಆ ಊರಿನ ಹೆಸರನ್ನೇ ಇಟ್ಟ ಅಂತ ಹೇಳುತ್ತಾರೆ. ದಂಟು ಗರಿಗರಿ, ಕಹಿಯಿಲ್ಲ, ಬೇಗ ಬೇಯುತ್ತದೆ. ಬೇಳೆ ಹಾಕಿ ಹುಳಿ ಮಾಡಿದರೂ ಸರಿ, ತೆಂಗಿನಕಾಯಿ ಹಾಕಿ ಪಲ್ಯ ಮಾಡಿದರೂ ಸರಿ. ಮೂಲಂಗಿಯಂತೂ ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಬರುವಷ್ಟು ಉದ್ದ, ಒಂದರಲ್ಲಿ ಸಾಂಬಾರು, ಕೋಸಂಬರಿ, ಮರುದಿನದ ರೊಟ್ಟಿ ಮೂರೂ ಆಗುತ್ತದೆ. ಇಲ್ಲಿಯ ಅಂಟು ಅಕ್ಕಿ ಚಿತ್ರಾನ್ನಕ್ಕೆ ಆಗುವುದಿಲ್ಲ, ಮೊಸರನ್ನಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಕಳೆದ ವರ್ಷ ಆ ಅಕ್ಕಿ 5 ಕಿಲೋಗೆ 4,000 ಯೆನ್ ದಾಟಿದಾಗ ಪಾರ್ಕಿನ ಗೆಳತಿಯರೆಲ್ಲ ವ್ಯಾಯಾಮ ಮುಗಿದ ಮೇಲೂ ಅದನ್ನೇ ಮಾತಾಡುತ್ತಿದ್ದರು. ನನಗೆ ಭಾಷೆ ಅರ್ಥವಾಗದಿದ್ದರೂ ವಿಷಯ ಅರ್ಥವಾಯಿತು.

ಹೊರಗೆ ತಿನ್ನುವುದು ಸಸ್ಯಾಹಾರಿಗಳಿಗೆ ಕಷ್ಟವೇ. ತರಕಾರಿ ಮಾತ್ರ ಕಾಣುವ ಸಾರಿನಲ್ಲೂ ಒಣಮೀನಿನ ತಿಳಿ ಇರುತ್ತದೆ. ಹಾಗಾಗಿ ಇವರು ಮೊದಲು ಕಲಿತ ಚಿತ್ರಲಿಪಿಯ ಅಕ್ಷರ ಮೀನಿನದು: ಮೇಲೆ ತಲೆಯ ಹಾಗೆ ಒಂದು ಕೊಕ್ಕೆ, ನಡುವೆ ನಾಲ್ಕು ಮನೆಯ ಚೌಕ, ಕೆಳಗೆ ನಾಲ್ಕು ಚುಕ್ಕೆ. ಅಂಗಡಿಯಲ್ಲಿ ಪೊಟ್ಟಣ ಹಿಂದೆ ತಿರುಗಿಸಿ ಕನ್ನಡಕ ಸರಿಮಾಡಿಕೊಂಡು ನಾಲ್ಕು ಚುಕ್ಕೆ ಹುಡುಕುತ್ತಾರೆ. ಹೊರಗೆ ಹೊರಟ ದಿನ ಬುತ್ತಿ ಕಟ್ಟಿಕೊಂಡೇ ಹೋಗುತ್ತೇವೆ. ಇಲ್ಲಿ ಬುತ್ತಿ ಬಿಚ್ಚಿ ತಿನ್ನುವುದನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ, ಅವರದೂ ಬುತ್ತಿಯ ದೇಶ.

ಭಾಷೆ ಕಲಿಯಲು ವಾರಕ್ಕೊಮ್ಮೆ ಸ್ವಯಂಸೇವಕರು ನಡೆಸುವ ತರಗತಿಗೆ ಹೋಗುತ್ತೇವೆ. ಈ ವಯಸ್ಸಿನಲ್ಲಿ ತಲೆಗೆ ಹತ್ತುವುದಿಲ್ಲ ಅಂತ ನಾನು ಹಿಂಜರಿದಿದ್ದೆ. ಒಂದು ದಿನ ಅಲ್ಲಿಯ ಮೇಷ್ಟ್ರಮ್ಮ "ತಬೆತೆ ಮಿರು" ಅನ್ನುವುದನ್ನು ಬಿಡಿಸಿ ಹೇಳಿದರು. ತಬೆತೆ ಅಂದರೆ ತಿಂದು, ಮಿರು ಅಂದರೆ ನೋಡು. ತಿಂದು ನೋಡು! ಬೇರೆ ದೇಶದವರಿಗೆಲ್ಲ ಇದು ಹೇಗೆ ಅಂತ ಅರ್ಥ ಮಾಡಿಸಲು ಅವರು ಒದ್ದಾಡುತ್ತಿದ್ದರು. ತಿನ್ನುವುದಕ್ಕೂ ನೋಡುವುದಕ್ಕೂ ಏನು ಸಂಬಂಧ ಅಂತ ಕಲಿಯಲು ಬಂದವರ ಪ್ರಶ್ನೆ. ನಾವಿಬ್ಬರು ಮುಖ ಮುಖ ನೋಡಿಕೊಂಡೆವು. ಆಮೇಲೆ ಕನ್ನಡದಂಥವೇ ಒಂದೊಂದಾಗಿ ಬಂದವು. ಕ್ರಿಯಾಪದ ಕೊನೆಗೇ, ವಿಭಕ್ತಿ ಪದ ಆದ ಮೇಲೆಯೇ, ಯಾರೋ ಹೇಳಿದ್ದನ್ನು ಹೇಳುವಾಗ ನಾವು "ಅಂತ" ಹಾಕುವ ಜಾಗದಲ್ಲಿ ಅವರು "ತೊ" ಹಾಕುತ್ತಾರೆ.

ಮನೆಯಿಂದ ಹೊರಡುವಾಗ ಜಪಾನಿನವರು "ಇತ್ತೆ ಕಿಮಾಸು" ಅನ್ನುತ್ತಾರೆ. ಇತ್ತೆ ಅಂದರೆ ಹೋಗಿ, ಕಿಮಾಸು ಅಂದರೆ ಬರುತ್ತೇನೆ. ಹೋಗ್ತೀನಿ ಅನ್ನಬಾರದು, ಹೋಗಿಬರ್ತೀನಿ ಅನ್ನಬೇಕು ಅಂತ ನನ್ನ ಅಜ್ಜಿ ಗದರಿಸಿ ಕಲಿಸಿದ್ದನ್ನೇ ಇಲ್ಲಿ ಹೊಯ್ಕುಎನ್ ಮಕ್ಕಳು ಬಾಗಿಲಲ್ಲಿ ಕೂಗುತ್ತವೆ. ಸೊಸೆಗೆ ಹೇಳಿದೆ. "ಅತ್ತೆ, ತುಳುವಿನಲ್ಲಿ ಇತ್ತೆ ಅಂದರೆ ಈಗ" ಅಂದಳು. ಮೊಮ್ಮಗಳು ಮೂರನ್ನೂ ಸೇರಿಸಿ ಹಾಡು ಮಾಡಿಕೊಂಡು ವಾರವಿಡೀ ಹಾಡಿದಳು.

ಇನ್ನು ನಮ್ಮ ಸುತ್ತಾಟ.

ಟೋಕಿಯೊದಲ್ಲಿ 70 ತುಂಬಿದ ನಿವಾಸಿಗಳಿಗೆ ಸಿಲ್ವರ್ ಪಾಸ್ ಕೊಡುತ್ತಾರೆ. ನಿವಾಸಿ ತೆರಿಗೆ ಬೀಳದವರಿಗೆ ವರ್ಷಕ್ಕೆ 1,000 ಯೆನ್. ತೊಎಯ್ ಅಂದರೆ ಟೋಕಿಯೊ ಸರ್ಕಾರದ ಬಸ್ಸು, ಸುರಂಗ ರೈಲು, ಟ್ರಾಮು ಎಲ್ಲದರಲ್ಲೂ ಓಡಾಡಬಹುದು. ಇವರ ಹತ್ತಿರ ಅದಿದೆ, ನನಗಿನ್ನೂ ವಯಸ್ಸಾಗಿಲ್ಲ. ಆದರೆ ನಮ್ಮ ಮನೆಯ ಹತ್ತಿರದ ತೊಜಾಯ್ ಮಾರ್ಗಕ್ಕೆ ಆ ಪಾಸು ನಡೆಯುವುದಿಲ್ಲ, ಅದು ಬೇರೆ ಸಂಸ್ಥೆಯದು. ಆದ್ದರಿಂದ ನಿಶಿಕಸಾಯ್‌ನಿಂದ ಬಸ್ಸಿನಲ್ಲಿ ಫುನಬೊರಿಗೆ, ಅಲ್ಲಿಂದ ತೊಎಯ್ ರೈಲಿಗೆ. ನಾನು ಬಸ್ಸಿಗೆ ದುಡ್ಡು ಕೊಡುತ್ತೇನೆ, ಇವರು ಪಾಸು ತೋರಿಸಿ ಚಾಲಕನಿಗೆ ತಲೆಬಾಗಿ ಹತ್ತುತ್ತಾರೆ. ಸುತ್ತುಬಳಸಿನ ದಾರಿ, ಆದರೆ ಬಸ್ಸಿನ ಕಿಟಕಿಯಿಂದ ಊರು ಕಾಣುತ್ತದೆ. ಬೇಗ ಹೋಗಿ ಮಾಡಬೇಕಾದ್ದು ನಮಗೇನಿದೆ?

ಫುನಬೊರಿಯಲ್ಲೇ ಒಂದು ಗೋಪುರವಿದೆ, 115 ಮೀಟರ್ ಎತ್ತರ. ಮೇಲೆ ಹೋಗಿ ನೋಡಲು ಕಾಸು ಬೇಡ. 634 ಮೀಟರಿನ ಸ್ಕೈಟ್ರೀಗೆ ಹೋಗುವವರು ಹೋಗಲಿ, ನಾವು ಇದನ್ನು ಹತ್ತಿ ಸ್ಕೈಟ್ರೀಯನ್ನೂ ಸೇರಿಸಿ ನೋಡುತ್ತೇವೆ. ಚಳಿಗಾಲದ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿದ್ದಾಗ ಪಶ್ಚಿಮಕ್ಕೆ ಫುಜಿ ಬೆಟ್ಟ ಬೆಳ್ಳಗೆ ನಿಂತಿರುತ್ತದೆ. ಇವರು ನೋಡುವುದು ಮಾತ್ರ ಕೆಳಗಿನ ನದಿಯನ್ನು.

ಆ ನದಿ ಅರಕಾವಾ. ಸುಮಾರು ಅರ್ಧ ಕಿಲೋಮೀಟರ್ ಅಗಲ. ನಾವು ದಿನಾ ಸಂಜೆ ಅದರ ದಂಡೆಯಲ್ಲಿ ಮೊಮ್ಮಗಳ ಜೊತೆ ನಡೆಯುತ್ತೇವೆ. ಮೊದಲ ವರ್ಷವಿಡೀ ಅದನ್ನು ಹುಟ್ಟಿನಿಂದ ಹರಿಯುವ ಹೊಳೆ ಅಂತಲೇ ತಿಳಿದಿದ್ದೆ. ಅಲ್ಲ, ಈ ಭಾಗವನ್ನು ಮನುಷ್ಯರು ತೋಡಿದ್ದು. 1910ರ ಆಗಸ್ಟಿನಲ್ಲಿ ದೊಡ್ಡ ನೆರೆ ಬಂದು ಟೋಕಿಯೊ ಮುಳುಗಿದ ಮೇಲೆ, ನೀರನ್ನು ಊರಿನ ಹೊರಗಿಂದ ಸಮುದ್ರಕ್ಕೆ ಕಳಿಸಲು 22 ಕಿಲೋಮೀಟರ್ ಉದ್ದದ ಹೊಸ ಪಾತ್ರ ಅಗೆದರು. 1924ರಲ್ಲಿ ನೀರು ಬಿಟ್ಟರು, ಪೂರ್ತಿ ಕೆಲಸ ಮುಗಿದದ್ದು 1930ಕ್ಕೆ. ಅದಕ್ಕಾಗಿ 1,300 ಮನೆಗಳು ಎದ್ದು ಹೋಗಬೇಕಾಯಿತು.

ಇವರು ಇದನ್ನು ಹೇಳಿದ ಸಂಜೆ ನಾನು ದಂಡೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನ್ನ ತವರು ಮುಳುಗಡೆ. ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ, 1964ರಲ್ಲಿ, ನನಗೆ ನಾಲ್ಕು ವರ್ಷ. ಶರಾವತಿ ಹಿನ್ನೀರಿನ ಕೆಳಗೆ ನಮ್ಮ ಮನೆಯ ಜಗಲಿ ಇದೆ, ಅಜ್ಜಿ ನೆಟ್ಟ ಹಲಸಿನ ಮರದ ಬುಡ ಇದೆ. ಲಾರಿಯಲ್ಲಿ ತೊಟ್ಟಿಲು ಹೇರಿದ್ದು ಒಂದೇ ನನ್ನ ಕಣ್ಣಿನಲ್ಲಿ ಉಳಿದ ಚಿತ್ರ. ನೀರಾವರಿ ಇಲಾಖೆಯವನಿಗೆ ಮಗಳನ್ನು ಕೊಡುತ್ತೀಯಾ ಅಂತ ದೊಡ್ಡಪ್ಪ ನನ್ನ ಅಪ್ಪನ ಮೇಲೆ ಸಿಟ್ಟಾಗಿದ್ದರಂತೆ. ಇವರಿಗೆ ಇದೆಲ್ಲ ಗೊತ್ತು. ಆದರೆ ಈ ಮಾತನ್ನು ನಾವಿಬ್ಬರು ಕೂತು ಮೊದಲಿನಿಂದ ಕೊನೆಯವರೆಗೆ ಆಡಿದ್ದು ಆ ಸಂಜೆಯೇ, ಜಪಾನಿನ ಹೊಳೆಯ ಮೆಟ್ಟಿಲ ಮೇಲೆ. ಇವರು ಬಹಳ ಹೊತ್ತು ಸುಮ್ಮನಿದ್ದು, "ನಾನು ಅಳತೆ ಮಾಡಿದ ಕಾಲುವೆಗಳಲ್ಲೂ ಮನೆಗಳಿದ್ದವು" ಅಂದರು.

ಮುಂದಿನ ವಾರ ಬುತ್ತಿ ಕಟ್ಟಿಕೊಂಡು ಆ ಕಾಲುವೆ ಶುರುವಾಗುವ ಇವಾಬುಚಿಗೆ ಹೋದೆವು. ಅಕಬಾನೆ ಇವಾಬುಚಿ ನಿಲ್ದಾಣದಲ್ಲಿ ಇಳಿದು ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ನಡೆದರೆ ಹಳೆಯ ತೂಬು ಸಿಗುತ್ತದೆ, ಐದು ಬಾಗಿಲಿನದು, ಕೆಂಪು ಬಣ್ಣ. 1924ರದ್ದು. ಈಗ ಕೆಲಸ ಮಾಡುವುದು ಸ್ವಲ್ಪ ಕೆಳಗಿರುವ ನೀಲಿ ತೂಬು, ಕೆಂಪನ್ನು ಹಾಗೇ ಉಳಿಸಿಕೊಂಡಿದ್ದಾರೆ. ಇದನ್ನು ಕಟ್ಟಿಸಿದ ಎಂಜಿನಿಯರ್ ಅವೊಯಾಮಾ ಅಕಿರಾ. ಪನಾಮಾ ಕಾಲುವೆಯ ನಿರ್ಮಾಣದಲ್ಲಿ ದುಡಿದ ಒಬ್ಬನೇ ಜಪಾನೀ ಎಂಜಿನಿಯರ್ ಅವರು, ಅಲ್ಲಿ ಕಲಿತು ಬಂದು ಇಲ್ಲಿ ಮಾಡಿದರು. ಹತ್ತಿರದ ನದಿ ಸಂಗ್ರಹಾಲಯದ ಪಕ್ಕದಲ್ಲಿ ಕೆಲಸ ಮುಗಿದ ನೆನಪಿನ ಕಲ್ಲು ಇದೆ. ಅದರ ಮೇಲೆ ಅವೊಯಾಮಾ ಅವರ ಹೆಸರಿಲ್ಲ. ಈ ಕಾಮಗಾರಿಗಾಗಿ ತ್ಯಾಗ ಮಾಡಿದ, ದುಡಿದ ನಮ್ಮ ಸಂಗಾತಿಗಳ ನೆನಪಿಗೆ ಅನ್ನುವ ಅರ್ಥದ ಮಾತು, ಕೆಳಗೆ ಕೆಲಸದಲ್ಲಿದ್ದವರಿಂದ ಅಂತ ಮಾತ್ರ. ಮಗ ಫೋನಿನಲ್ಲಿ ಅದನ್ನು ಓದಿ ಅರ್ಥ ಹೇಳಿದ. ಇವರು ಟೊಪ್ಪಿ ತೆಗೆದರು. ಎಷ್ಟು ಹೊತ್ತು ನಿಂತಿದ್ದರು ಅಂದರೆ ನಾನು ಹುಲ್ಲಿನ ಮೇಲೆ ಬಟ್ಟೆ ಹಾಸಿ ಬುತ್ತಿ ಬಿಚ್ಚಿ ಉಪ್ಪಿನಕಾಯಿ ಬಡಿಸಿ ಕರೆಯುವವರೆಗೂ.

ನಾವಿರುವ ವಾರ್ಡಿನ ಹತ್ತರಲ್ಲಿ ಏಳು ಪಾಲು ನೆಲ ಭರತದ ವೇಳೆಯ ಸಮುದ್ರಮಟ್ಟಕ್ಕಿಂತ ಕೆಳಗಿದೆ. 2019ರಲ್ಲಿ ವಾರ್ಡಿನವರು ಹಂಚಿದ ನೆರೆ ನಕ್ಷೆಯ ಮುಖಪುಟದಲ್ಲೇ "ಇಲ್ಲಿ ಇರಬೇಡಿ" ಅಂತ ಬರೆದಿದೆ. ದೊಡ್ಡ ನೆರೆ ಬರುವಂತಿದ್ದರೆ ಮೊದಲೇ ಊರು ಬಿಟ್ಟು ಬೇರೆ ಕಡೆ ಹೋಗಿ ಅಂತ ಅದರರ್ಥ. ತಮ್ಮ ಜನಕ್ಕೆ ಇಷ್ಟು ನೇರವಾಗಿ ಹೇಳುವ ಆಡಳಿತವನ್ನು ಇವರು ಬಹಳ ಗೌರವದಿಂದ ನೋಡುತ್ತಾರೆ. ಆ ನಕ್ಷೆ ನಮ್ಮ ಫ್ರಿಜ್ ಬಾಗಿಲಿನ ಮೇಲಿದೆ. ಪಕ್ಕದಲ್ಲಿ ಇವರ ರಕ್ತದೊತ್ತಡದ ಮಾತ್ರೆಗಳನ್ನು ಬರೆದಿಡುವ ಔಷಧಿ ಪುಸ್ತಕ. ಇಲ್ಲಿ ಯಾವ ಔಷಧಿ ಅಂಗಡಿಗೆ ಹೋದರೂ ಅದನ್ನು ಕೇಳುತ್ತಾರೆ. 70 ದಾಟಿದ್ದಕ್ಕೆ ಇವರು ಆಸ್ಪತ್ರೆ ಖರ್ಚಿನಲ್ಲಿ ನೂರಕ್ಕೆ 20 ಪಾಲು ಕೊಡುತ್ತಾರೆ, ನಾನು 30.

ಒಂದು ದಿನ ಮಾತ್ರ ನನಗೆ ಎದೆ ಬಡಿದುಕೊಂಡಿತ್ತು. ಬಂದ ಹೊಸತು. ತೊಜಾಯ್ ಮಾರ್ಗದಲ್ಲಿ ವಾಪಸ್ ಬರುತ್ತಿದ್ದೆವು, ಗಂಟೆ ನಾಲ್ಕು. ನಾವು ಹತ್ತಿದ್ದು ಕೈಸೊಕು, ಅಂದರೆ ವೇಗದ ಗಾಡಿ. ಅದು ತೊಯೊಚೊ ಬಿಟ್ಟರೆ ಉರಯಾಸು ತನಕ ನಿಲ್ಲುವುದಿಲ್ಲ ಅಂತ ನಮಗೆ ತಿಳಿದಿರಲಿಲ್ಲ. ಸುರಂಗದಿಂದ ಮೇಲೆ ಬಂದು ಅರಕಾವಾ ಸೇತುವೆ ದಾಟಿತು, ಇಳಿಯಲು ಎದ್ದು ನಿಂತೆವು, ನಿಶಿಕಸಾಯ್ ಬೋರ್ಡು ಕಣ್ಣೆದುರೇ ಹಿಂದೆ ಸರಿದುಹೋಯಿತು. ಮಗು ಬಾಗಿಲಲ್ಲಿ ಕಾಯುತ್ತಿರುತ್ತದೆ ಅನ್ನುವುದೊಂದೇ ತಲೆಯಲ್ಲಿ. ಉರಯಾಸುವಿನಲ್ಲಿ ಇಳಿದು ನಡುಗುವ ದನಿಯಲ್ಲಿ ನಮ್ಮ ನಿಲ್ದಾಣದ ಹೆಸರು ಹೇಳಿದೆ. ಅಲ್ಲಿಯ ಸಿಬ್ಬಂದಿಯೊಬ್ಬರು ನಮ್ಮನ್ನು ಎದುರಿನ ಪ್ಲಾಟ್‌ಫಾರ್ಮಿಗೆ ಕರೆತಂದು, ಗಾಡಿ ಬರುವವರೆಗೂ ಜೊತೆಗಿದ್ದು ಹತ್ತಿಸಿದರು. ಹೊಯ್ಕುಎನ್ ತಲುಪಿದಾಗ ನಾಲ್ಕು ಐವತ್ತು. ಟೀಚರಮ್ಮನ ಮಡಿಲಲ್ಲಿ ಕೂತಿದ್ದ ಮೊಮ್ಮಗಳು "ಅಜ್ಜಿ, ಒಸೊಯ್" ಅಂದಳು. ತಡ ಅಂತ. ಅಂದಿನಿಂದ ಎಲ್ಲಿಗೆ ಹೋದರೂ ಮೂರೂವರೆಗೆ ನಿಶಿಕಸಾಯ್‌ನಲ್ಲಿರುತ್ತೇವೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಸುಗಾಮೊ. ಫುನಬೊರಿಯಿಂದ ಜಿಂಬೊಚೊಗೆ, ಅಲ್ಲಿ ಮಿತಾ ಮಾರ್ಗಕ್ಕೆ ಬದಲಾಯಿಸಿದರೆ ಸುಗಾಮೊ. ಅಜ್ಜಿಯರ ಪೇಟೆ ಅಂತಲೇ ಅದಕ್ಕೆ ಹೆಸರು. ಅಲ್ಲಿಯ ಕೊಗನ್‌ಜಿ ದೇವಸ್ಥಾನದಲ್ಲಿ ಮುಳ್ಳು ಕೀಳುವ ಜಿಜೊ ಅನ್ನುವ ದೇವರಿದ್ದಾನೆ, ಸೂಜಿ ನುಂಗಿದವಳನ್ನು ಕಾಪಾಡಿದ ಅಂತ ಕತೆ. ಅಂಗಳದಲ್ಲಿ ಕನ್ನೊನ್ ಅನ್ನುವ ಕರುಣೆಯ ದೇವತೆಯ ಕಲ್ಲಿನ ಮೂರ್ತಿ. ನಮಗೆ ಮೈಯಲ್ಲಿ ಎಲ್ಲಿ ನೋವೋ ಮೂರ್ತಿಯ ಅದೇ ಜಾಗಕ್ಕೆ ನೀರು ಹಾಕಿ ಬಿಳಿ ಬಟ್ಟೆಯಲ್ಲಿ ಒರೆಸಬೇಕು. ಹಿಂದೆ ಬ್ರಷ್ಷಿನಲ್ಲಿ ಉಜ್ಜುತ್ತಿದ್ದರಂತೆ, ಜನರ ನೋವಿಗೆ ಕಲ್ಲೇ ಸವೆದುಹೋಗಿ 1992ರಲ್ಲಿ ಹೊಸ ಮೂರ್ತಿ ಇಟ್ಟು ಬಟ್ಟೆಯ ಪದ್ಧತಿ ಮಾಡಿದರು. ನಾನು ಮೊಣಕಾಲು ಒರೆಸುತ್ತೇನೆ. ನನ್ನ ಮುಂದಿದ್ದ ಮುದುಕಿಯೊಬ್ಬರು ಒಮ್ಮೆ ಮೂರ್ತಿಯ ಎದೆಯನ್ನು ಬಹಳ ಹೊತ್ತು ಒರೆಸಿದರು. ನಾವು ಸಾಲಿನಲ್ಲಿ ಸುಮ್ಮನೆ ನಿಂತಿದ್ದೆವು, ಯಾರೂ ಅವಸರಿಸಲಿಲ್ಲ.

ತಿಂಗಳಿನ 4, 14, 24ನೇ ತಾರೀಕು ಅಲ್ಲಿ ಜಾತ್ರೆ. ಬೀದಿಯುದ್ದಕ್ಕೂ ಅಂಗಡಿ, ಒಣಗಿಸಿದ ಹಣ್ಣು, ಸೋವಿ ಬಟ್ಟೆ, ಉಪ್ಪು ಸೇರಿಸಿದ ಅಕ್ಕಿ ಮುದ್ದೆಯೊಳಗೆ ಸಿಹಿ ಕಾಳಿನ ಹೂರಣ ತುಂಬಿದ ತಿಂಡಿ. ಕಡುಬಿನ ದೂರದ ನೆಂಟ ಅದು, ಮೀನಿನ ಭಯವಿಲ್ಲದೆ ತಿನ್ನಬಹುದು. ಬೀದಿ ಮುಗಿಯುವಲ್ಲಿ ಹಳೆಯ ಟ್ರಾಮು ಸಿಗುತ್ತದೆ, ಒಂದೇ ಡಬ್ಬಿಯದು. ಅದರಲ್ಲಿ ಕೊನೆಯ ನಿಲ್ದಾಣ ಮಿನೊವಬಾಶಿಯವರೆಗೆ ಹೋದರೆ ಮೇ ತಿಂಗಳಲ್ಲಿ ಹಳಿಯ ಬದಿಗೆಲ್ಲ ಗುಲಾಬಿ. ಈ ಮೇನಲ್ಲಿ ನಾವಿಬ್ಬರೂ ಅಲ್ಲಿ ಬೆಂಚಿನ ಮೇಲೆ ಕೂತು ಮೂರು ಟ್ರಾಮು ಬಿಟ್ಟೆವು, ನಾಲ್ಕನೆಯದಕ್ಕೆ ಎದ್ದೆವು. ಅಷ್ಟು ಹೊತ್ತು ಏನು ಮಾತಾಡಿದೆವು ಅಂತ ಕೇಳಿದರೆ ಹೇಳಲು ಏನೂ ಇಲ್ಲ. ಇವರು ನನ್ನ ಚಪ್ಪಲಿಯ ಬಾರು ಸಡಿಲಾಗಿದೆ ಅಂದರು, ಬಗ್ಗಿ ಬಿಗಿ ಮಾಡಿದರು.

ಕಳೆದ ಸೆಪ್ಟೆಂಬರಿನಲ್ಲಿ ಹಿರಿಯರ ದಿನಕ್ಕೆ ನಮಗೊಂದು ಅಂಚೆ ಕಾರ್ಡು ಬಂತು. ಅವತ್ತು ಇಲ್ಲಿ ಸರ್ಕಾರಿ ರಜೆ, ಸೆಪ್ಟೆಂಬರಿನ ಮೂರನೇ ಸೋಮವಾರ. ಹೊಯ್ಕುಎನ್ ಮಕ್ಕಳಿಂದ ಅಜ್ಜ ಅಜ್ಜಿಗೆ ಚಿತ್ರ ಬರೆಸಿ ಮಕ್ಕಳ ಕೈಯಲ್ಲೇ ಅಂಚೆ ಡಬ್ಬಿಗೆ ಹಾಕಿಸುತ್ತಾರೆ. ಮಿಕ್ಕ ಮಕ್ಕಳ ಕಾರ್ಡು ಬೇರೆ ಬೇರೆ ಊರಿಗೆ ಹೋಗಿರಬೇಕು, ನಮ್ಮವಳದ್ದು ನಮ್ಮ ಮನೆಯಿಂದ ಹೊರಟ ಹುಡುಗಿ ನಮ್ಮ ಮನೆಗೇ ಕಳಿಸಿದ್ದು. ಚಿತ್ರದಲ್ಲಿ ಅಜ್ಜನಿಗೆ ಟೊಪ್ಪಿ, ನನಗೆ ಕೆಂಪು ಬೊಟ್ಟು, ನಡುವೆ ಬಸ್ಸು.

ಹೆಣ್ಣುಮಕ್ಕಳಿಗೆ ಮೂರು ಮತ್ತು ಏಳನೇ ವಯಸ್ಸಿಗೆ ನವೆಂಬರ್ 15ರ ಸುಮಾರಿಗೆ ಕಿಮೊನೊ ಉಡಿಸಿ ದೇವಸ್ಥಾನಕ್ಕೆ ಕರೆದೊಯ್ಯುವ ಪದ್ಧತಿ ಇಲ್ಲಿದೆ, ಶಿಚಿ ಗೊ ಸಾನ್. ಮೊಮ್ಮಗಳಿಗೆ ಅದರ ಮೇಲೆ ಬಹಳ ಆಸೆ. ಅವಳಿಗೆ ಏಳು ತುಂಬುವುದು ಅಕ್ಟೋಬರಿನಲ್ಲಿ, ಹಬ್ಬ ನವೆಂಬರಿನಲ್ಲಿ, ಅಷ್ಟರಲ್ಲಿ ನಾವು ಹೊರಟಿರುತ್ತೇವೆ. ಈ ಲೆಕ್ಕ ನಾನು ಮನಸ್ಸಿನಲ್ಲೇ ಎಷ್ಟು ಸಲ ಹಾಕಿದ್ದೆನೋ. ಹೋದ ವಾರ ಪಾರ್ಕಿನ ಗೆಳತಿಗೆ ನನ್ನ ಅರೆಬರೆ ಜಪಾನಿಯಲ್ಲಿ ಹೇಳಿದೆ. ಅವರು ಬೆರಳು ಮಡಿಸಿ ಎಣಿಸಿದರು. ಹಳೆಯ ಕಾಲದವರು ಹುಟ್ಟಿದಾಗಲೇ ಒಂದು ಅಂತ ಹಿಡಿದು, ಹೊಸ ವರ್ಷ ಬಂದಾಗಲೆಲ್ಲ ಒಂದೊಂದು ಸೇರಿಸುತ್ತಿದ್ದರು. ಆ ಲೆಕ್ಕದಲ್ಲಿ ಇವಳಿಗೆ ಈ ವರ್ಷವೇ ಏಳು. ಕಜೊಎ ಅನ್ನುತ್ತಾರೆ, ಈಗಲೂ ಹಾಗೆ ಮಾಡುವವರಿದ್ದಾರೆ, ಈ ನವೆಂಬರಿಗೇ ಮಾಡಿಬಿಡಿ ಅಂದರು. ಆರು ತುಂಬಿ ಏಳರಲ್ಲಿ ಬಿತ್ತು ಅಂತ ನಮ್ಮಲ್ಲೂ ಹೇಳುತ್ತೇವಲ್ಲ! ಮನೆಗೆ ಬಂದು ಸೊಸೆಗೆ ಹೇಳುವಾಗ ನನ್ನ ದನಿ ಸರಿಯಾಗಿ ಬರಲಿಲ್ಲ. ಅವಳು ಅವತ್ತೇ ಕಿಮೊನೊ ಬಾಡಿಗೆಗೆ ಕೇಳಿ ದಿನ ಗೊತ್ತುಮಾಡಿದಳು, ಪುತ್ತೂರಿಗೂ ಫೋನ್ ಮಾಡಿದಳು. ಅವಳ ತಾಯಿಯೂ ಆ ಹೊತ್ತಿಗೆ ಬರುತ್ತಾರೆ. ಒಬ್ಬಳು ಜಡೆ ಹಾಕಿದರೆ ಇನ್ನೊಬ್ಬಳು ಹೂ ಮುಡಿಸಬಹುದು.

ನಾಳೆ 24. ಸುಗಾಮೊ ಜಾತ್ರೆ. ಮಳೆಗಾಲ, ಕೊಡೆ ಎರಡು ಬಾಗಿಲ ಹತ್ತಿರ ಇಟ್ಟಾಗಿದೆ. ಅನ್ನ ಈಗಲೇ ಮಾಡಿ ಆರಲು ಬಿಟ್ಟಿದ್ದೇನೆ, ಬೆಳಿಗ್ಗೆ ಮೊಸರು ಕಲಸಿ ಶುಂಠಿ ಹಾಕಿದರೆ ಬುತ್ತಿ ತಯಾರು. ಇವರು ಪಾಸು ಅಂಗಿಯ ಜೇಬಿನಲ್ಲಿದೆಯಾ ಅಂತ ಮೂರನೇ ಸಲ ಮುಟ್ಟಿ ನೋಡಿಕೊಂಡರು.